ಗಿಡ್ಡ ನಳಿಗೆಯ ಕೋವಿ

ಕೋವಿಯ ಉದ್ದ ನಳಿಗೆಯನ್ನು ಕಂಡರೆ ಒಳಗಿನ ಮದ್ದಿಗೆ ಮೈಯುರಿ.

"ಗುಂಡನ್ನು ತಳ್ಳುವುದು ನಾನು. ನೀನು ಬರೀ ಮೈಯುಜ್ಜಿ ತಡೆಯುತ್ತೀ," ಎಂದಿತು.

"ನೀನು ಪೂರ್ತಿ ಉರಿಯುವವರೆಗೆ ಹಿಡಿದುಕೊಳ್ಳುತ್ತೇನೆ, ಅಷ್ಟೇ," ಎಂದಿತು ನಳಿಗೆ.

ಕೋವಿಯ ಯಜಮಾನ ಮಾಚಯ್ಯನಿಗೂ ಉದ್ದ ನಳಿಗೆ ಹೊರಲು ಭಾರವೆನಿಸಿತ್ತು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಎರಡು ದಿನ ಮುಂಚೆ ಗರಗಸ ತಂದು ಅದನ್ನು ಅರ್ಧಕ್ಕೆ ಕೊಯ್ದ. ಮದ್ದು ಹಿಗ್ಗಿತು.

ಹಬ್ಬದ ದಿನ ಕೋವಿಗೆ ಪೂಜೆಯಾಯಿತು. ಮಾಚಯ್ಯ ಮರದ ತುದಿಗೆ ಕಟ್ಟಿದ್ದ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹಾರಿಸಿದ. ನಳಿಗೆಯ ಬಾಯಿಂದ ಮಾರುದ್ದ ಬೆಂಕಿ ಚಿಮ್ಮಿತು. ಬೆಟ್ಟವೆಲ್ಲ ಗುಡುಗಿತು. ಗುಂಡು ಮಾತ್ರ ಅರ್ಧ ದಾರಿಯಲ್ಲೇ ಸುಸ್ತಾಗಿ ಗದ್ದೆಯ ಕೆಸರಿಗೆ ಬಿತ್ತು.

"ನನ್ನ ಪ್ರತಾಪ ನೋಡಿದಿರಾ?" ಎಂದಿತು, ಅಷ್ಟರಲ್ಲಿ ಹೊಗೆಯಾಗಿದ್ದ ಮದ್ದು.

ಮೇಲಿನಿಂದ ತೆಂಗಿನಕಾಯಿ ಕೇಳಿತು: "ಯಾರಾದರೂ ನನ್ನನ್ನು ಕರೆದಿರಾ?"