ಸರಕಾರದ ಪಾಲಿನ ಕೌದಿ

ಕೇಳ್ರಿ, ಹೊಟ್ಟೆ ತುಂಬ ನಗ್ರಿ, ಆದರ ದ್ಯಾಮಣ್ಣನ್ನ ಬೈಬ್ಯಾಡ್ರಿ. ಬೈಯೂ ಕೆಲಸ ಅವರವ್ವ ಆಗಲೇ ಮಾಡಿ ಮುಗಿಸ್ಯಾಳ.

ಲಕ್ಷ್ಮೇಶ್ವರದಾಗ ಫಕೀರವ್ವ ಅಂತ ಒಬ್ಬಾಕಿ. ಹಳೆ ಸೀರೆ ತುಂಡು ಜೋಡಿಸಿ ಕೌದಿ ಹೊಲಿಯುವಾಕಿ. ಕೊನೆಗೆ ಮೂಲೆಯಲ್ಲಿ ಒಂದು ತುಣುಕು ಹೋಳಿಗೆ ಇಟ್ಟು ಹೊಲಿಗೆ ಮುಚ್ಚುತ್ತಿದ್ದಳು. ಹಸಿದ ಕೌದಿ ಯಾರನ್ನೂ ಬೆಚ್ಚಗೆ ಇಡುವುದಿಲ್ಲ ಎಂದು ಆಕೆಯ ನಂಬಿಕೆ. ಮಗ ದ್ಯಾಮಣ್ಣನಿಗೆ ಓದು ಬರುತ್ತಿತ್ತು, ಬುದ್ಧಿ ಮಾತ್ರ ದೇವರಿಗೇ ಪ್ರೀತಿ. ಅವನೇ ಫೋನಿನಲ್ಲಿ ಅಂಗಡಿ ತೆರೆದ. ಹೊರ ರಾಜ್ಯದವರೂ ಕೌದಿ ಕೇಳತೊಡಗಿದ್ದರಿಂದ ತೆರಿಗೆ ನಂಬರೂ ಬಂತು. ತಾಯಿ ಮಗನ ಒಲೆ ಉರಿಯುತ್ತಿದ್ದದ್ದು ಆ ನಂಬರಿನ ಮೇಲೆಯೇ.

ಒಂದು ತಿಂಗಳು ಒಂದೂ ಕೌದಿ ಹೋಗಲಿಲ್ಲ. ದ್ಯಾಮಣ್ಣ ಸರಕಾರಕ್ಕೆ ಲೆಕ್ಕ ಕಳಿಸಲಿಲ್ಲ. ದಂಡ ಬಿತ್ತು!

"ಅಯ್ಯ ನನ್ನ ಬಂಗಾರದಂಥ ಪೆದ್ದ! ಯಾಕ ಕಳಿಸಲಿಲ್ಲೋ?"

"ಏನೂ ಮಾರಿಲ್ಲಲ್ಲ ಬೇ?"

"ಏನೂ ಇಲ್ಲಂದ್ರ ಏನೂ ಇಲ್ಲ ಅಂತ ತಾನಾಗಿ ಹೇಳಬೇಕು! ಇಲ್ಲದ್ದನ್ನೂ ಮುಚ್ಚಿಡಬಾರದು!"

"ಆತು ಬೇ ಯವ್ವಾ. ಇನ್ನ ಮ್ಯಾಲೆ ಹಂಗ ಮಾಡ್ತೀನಿ."

ಮರುವಾರ ಸೊಲ್ಲಾಪುರದಿಂದ ಹೆಣ್ಣಿನ ಕಡೆಯವರು ಮನೆತನ ನೋಡಲು ಬಂದರು. ಚಾಪೆ ಮೇಲೆ ಕೂತರೋ ಇಲ್ಲವೋ, ದ್ಯಾಮಣ್ಣ ಎದ್ದು ನಿಂತು ಕೈಮುಗಿದ.

"ನಮ್ಮ ಮನ್ಯಾಗ ಹೊಲ ಇಲ್ರಿ! ಎತ್ತು ಇಲ್ರಿ! ಇವತ್ತು ಸಕ್ರಿನೂ ಇಲ್ರಿ! ನನಗ ಬುದ್ಧಿ ಇಲ್ಲಂತ ಅವ್ವ ದಿನಾ ಹೇಳ್ತಾಳ್ರಿ!"

ಬಂದವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

"ಅಯ್ಯ ನನ್ನ ಬಂಗಾರದಂಥ ಪೆದ್ದ! ಮನಿಗೆ ಬಂದೋರ ಮುಂದ ಹಂಗ ಬಾಯಿ ಬಿಡ್ತಾರೇನೋ? ಯಾರರ ಬಂದ್ರ ಬಾಯಿ ಮುಚ್ಚಬೇಕು, ನಗಬೇಕು, ಚಾ ಕೊಟ್ಟು ಕಳಿಸಬೇಕು!"

"ಆತು ಬೇ ಯವ್ವಾ. ಇನ್ನ ಮ್ಯಾಲೆ ಹಂಗ ಮಾಡ್ತೀನಿ."

ಒಂದು ದಿನ ಫಕೀರವ್ವ ಸಂತೆಗೆ ಹೋಗಿದ್ದಾಗ ತೆರಿಗೆ ಕಚೇರಿಯ ಮೇಡಂ ಬಂದರು. ನಂಬರ್ ತಗೊಂಡ ವಿಳಾಸದಲ್ಲಿ ನಿಜಕ್ಕೂ ವ್ಯಾಪಾರ ಇದೆಯೋ ನೋಡಬೇಕಿತ್ತು.

"ಫಕೀರವ್ವನೋರ ಮನಿ ಇದ ಏನಪಾ?"

ದ್ಯಾಮಣ್ಣ ನಕ್ಕ. ಚಾ ಕೊಟ್ಟ.

"ಕೌದಿ ಹೊಲಿಯೋದು ಇಲ್ಲೇ ಏನು?"

ದ್ಯಾಮಣ್ಣ ನಕ್ಕ. ಇನ್ನೊಂದು ಚಾ ಕೊಟ್ಟ.

"ಮಾತಾಡೋ ತಮ್ಮಾ!"

ಮೂರನೇ ಚಾ!

ವಾರದೊಳಗೆ ಕಾಗದ ಬಂತು. ಈ ವಿಳಾಸದಲ್ಲಿ ವ್ಯಾಪಾರದ ಸುಳಿವಿಲ್ಲ, ಏಳು ದಿನದಲ್ಲಿ ಉತ್ತರ ಕೊಡದಿದ್ದರೆ ನಂಬರ್ ರದ್ದು. ಪುಣೆಯವರು ಕೇಳಿದ್ದ ಇಪ್ಪತ್ತು ಕೌದಿ ಒಳಕೋಣೆಯ ಮೂಲೆಯಲ್ಲಿ ಸಿದ್ಧವಾಗಿ ಕೂತಿದ್ದವು, ಆರು ತಿಂಗಳ ದುಡಿಮೆ. ನಂಬರ್ ಹೋದರೆ ಒಂದನ್ನೂ ಕಳಿಸುವಂತಿಲ್ಲ. ಫಕೀರವ್ವ ಸೆರಗು ಬಾಯಿಗಿಟ್ಟು ಅತ್ತಳು. ಪಾಪ, ಯಾರಿಗಾದರೂ ಅಳು ಬರಬೇಕಾದದ್ದೇ.

"ಅಯ್ಯ ನನ್ನ ಬಂಗಾರದಂಥ ಪೆದ್ದ! ಸರಕಾರದೋರು ಬಂದ್ರ ಎಲ್ಲಾ ತೋರಸಬೇಕೋ! ಒಂದೊಂದು ಕೌದಿಯಾಗೂ ನೂರಕ್ಕ ಐದು ಅವರ ಪಾಲು. ಅದನ್ನ ತೆಗೆದು ಬ್ಯಾರೆ ಇಡಬೇಕು, ನಮ್ಮದರಾಗ ಕಲಸಬಾರದು!"

"ಆತು ಬೇ ಯವ್ವಾ. ಇನ್ನ ಮ್ಯಾಲೆ ಹಂಗ ಮಾಡ್ತೀನಿ."

ಮರುದಿನ ಆಕೆ ಉತ್ತರ ಬರೆಸಿ, ಮೇಡಂರ ಕಾಲು ಹಿಡಿದಾದರೂ ಕರೆತರುತ್ತೇನೆಂದು ಕಚೇರಿಗೆ ಹೋದಳು. ಇತ್ತ ದ್ಯಾಮಣ್ಣ ಕತ್ತರಿ ತಗೊಂಡ. ಒಂದು ಕೌದಿಯಿಂದ ನಾಲ್ಕು ಬೆರಳಗಲ, ಕರ್ರ್! ಇನ್ನೊಂದರಿಂದ ನಾಲ್ಕು ಬೆರಳಗಲ, ಕರ್ರ್! ಇಪ್ಪತ್ತರಿಂದಲೂ ಕರ್ರ್! ಪಟ್ಟಿಗಳನ್ನೆಲ್ಲ ಉದ್ದುದ್ದ ಹೊಲಿಗೆ ಹಾಕಿ ಜೋಡಿಸಿದ. ಒಂದು ಕೌದಿಯೇ ಆಯಿತು! ನೋಡ್ರಿ, ನೂರಕ್ಕೆ ಐದು ಅಂದರೆ ಇಪ್ಪತ್ತಕ್ಕೆ ಒಂದು, ಲೆಕ್ಕ ಮಾತ್ರ ತಪ್ಪಿರಲಿಲ್ಲ.

ಫಕೀರವ್ವ ಮೇಡಂ ಜೊತೆ ಒಳಗೆ ಬಂದವಳು ಕೌದಿಗಳ ಗತಿ ನೋಡಿ ಹೊಸ್ತಿಲಲ್ಲೇ ಕೂತು ಅಳತೊಡಗಿದಳು. ದ್ಯಾಮಣ್ಣ ಮೇಡಂರ ಹೆಗಲ ಮೇಲೆ ಹೊಸ ಕೌದಿ ಹೊದಿಸಿದ.

"ತಗೋರಿ, ಸರಕಾರದ ಪಾಲು! ನಾವು ಮುಟ್ಟಿಲ್ರಿ. ಕೌದಿ ಹಸಿದೂ ಇಲ್ರಿ, ಹೋಳಿಗಿ ಇಟ್ಟೀನಿ!"

ಮೇಡಂ ಕೌದಿ ನೋಡಿದರು, ಕತ್ತರಿ ನೋಡಿದರು, ಹೊಸ್ತಿಲಲ್ಲಿ ಅಳುತ್ತಿದ್ದ ತಾಯಿಯನ್ನು ನೋಡಿದರು. ನಕ್ಕು ನಕ್ಕು ಸಾಕಾದ ಮೇಲೆ ಪೆನ್ನು ತೆಗೆದರು. ಈ ವಿಳಾಸದಲ್ಲಿ ಕೌದಿ ಹೊಲಿಯುವುದು ನಿಜ, ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ಸಹಿ ಹಾಕಿದರು. ನಂಬರ್ ಉಳಿಯಿತು! ಫಕೀರವ್ವನಿಗೆ ಹೋದ ಜೀವ ಬಂತು. ಇಪ್ಪತ್ತರ ಅಂಚು ಮಡಚಿ ಹೊಲಿದರೆ ಪುಣೆಗೆ ಕಳಿಸಬಹುದು ಎಂದುಕೊಂಡು ಎದ್ದಳು.

ಮೇಡಂ ಹೆಗಲ ಮೇಲಿನ ಕೌದಿ ಮಡಚಿ ವಾಪಸು ಕೊಟ್ಟರು.

"ನಮಗ ಅರಿವಿ ಬಟ್ಟಿ ಬ್ಯಾಡೋ ತಮ್ಮಾ. ಇದನ್ನೂ ನೀವ ಮಾರ್ರಿ..."

ಮಾತು ಮುಗಿದಿರಲಿಲ್ಲ, ಕರ್ರ್!

"ಮಾರೂ ಕೌದಿ ಅಂದ್ರ ಇದರಾಗೂ ಸರಕಾರದ ಪಾಲು ಐತಲ್ರಿ? ತಗೋರಿ!"

ಫಕೀರವ್ವ ಬೈಯಲು ಬಾಯಿ ತೆರೆದಳು. ಹೇಳಲು ಇನ್ನೊಂದು ಬುದ್ಧಿಮಾತು ಉಳಿದಿರಲಿಲ್ಲ. ಸೂಜಿಗೆ ದಾರ ಪೋಣಿಸಿದಳು. ಮೇಡಂ ನಾಲ್ಕು ಬೆರಳಗಲದ ಪಟ್ಟಿ ಹಿಡಿದು ನಗುತ್ತ ಹೊರಟರು. ದ್ಯಾಮಣ್ಣ ಅಡಿಗೆಮನೆಗೆ ಓಡಿದ.

"ತಡೀರಿ ಮೇಡಮ್ಮಾರ, ಅದರಾಗ ಹೋಳಿಗಿ ಇಟ್ಟಿಲ್ರಿ! ಸಣ್ಣದಾದ್ರೇನು, ಅದಕ್ಕೂ ಹಸಿವು ಆಗಂಗಿಲ್ಲೇನ್ರಿ?"