ಕತ್ತಲ ಕ್ಯಾಮೆರಾದ ಮುಂದೆ ಕುಲಪತಿಗಳು

ವಿಶ್ವವಿದ್ಯಾಲಯದ ಲ್ಯಾಬಿಗೆ ಹೊಸ ಯಂತ್ರ ಬಂತು. ಕ್ಯಾಮೆರಾದ ಮೂತಿಗೆ ಸಿಕ್ಕಿಸುವ ಕೊಳವೆ ಅದು; ಕತ್ತಲಲ್ಲಿರುವ ಚೂರು ಬೆಳಕನ್ನೇ ಸಾವಿರಪಟ್ಟು ಹೆಚ್ಚಿಸಿ ತೋರಿಸುತ್ತದೆ. ಆನ್ ಆಗಿದ್ದಾಗ ಜೋರು ಬೆಳಕು ಬಿದ್ದರೆ ಸುಟ್ಟೇ ಹೋಗುತ್ತದೆ.

ಉದ್ಘಾಟನೆಗೆ ಬಂದ ಕುಲಪತಿಗಳು ಹಾರ ಹಾಕಿಸಿಕೊಂಡು, ಟಿವಿಯವರ ದೀಪಗಳ ನಡುವೆ ಎದೆಯುಬ್ಬಿಸಿ ನಿಂತರು. "ಮೊದಲ ಫೋಟೋ ನನ್ನದೇ ಆಗಬೇಕು. ಆನ್ ಮಾಡ್ರೀ!"

"ದೀಪ ಆರಿಸಬೇಕು ಸಾರ್," ಎಂದರು ಪ್ರೊಫೆಸರ್ ಮೇಡಂ.

"ನಾನು ಕತ್ತಲಲ್ಲಿ ನಿಲ್ಲೋದಾ?"

ಮೇಡಂ ಮುಖ ಬಿಳಿಚಿಕೊಂಡಿತು. ಯಂತ್ರದ ಸ್ವಿಚ್ಚಿನ ಹತ್ತಿರ ನಿಂತಿದ್ದ ಅಟೆಂಡರ್ ಸಿದ್ಲಿಂಗಮ್ಮನಿಗೆ ಯಾರ ಮಾತು ಕೇಳಬೇಕೋ ತಿಳಿಯಲಿಲ್ಲ. ಕೊನೆಗೆ ಸೆರಗು ಸರಿಮಾಡಿಕೊಂಡು ಕೇಳಿಯೇಬಿಟ್ಟಳು: "ಸಾರ್, ಇದು ಯಾರ ಕಣ್ಣಿಗೂ ಕಾಣದೇ ಇರೋದನ್ನ ತೋರಿಸೋ ಮಿಷಿನ್ನಂತೆ. ಇದರಲ್ಲಿ ತಮ್ಮನ್ನ ತೋರಿಸಿದ್ರೆ ನಾಳೆ ಪೇಪರಿನವರು ಏನಂತ ಬರೀತಾರೋ?"

 ಕುಲಪತಿಗಳು ಟಿವಿಯವರನ್ನು ನೋಡಿದರು, ಯಂತ್ರವನ್ನು ನೋಡಿದರು. ಇವಳು ಹೊಗಳಿದಳೋ ತೆಗಳಿದಳೋ ಅವರಿಗೆ ಗೊತ್ತಾಗಲಿಲ್ಲ. ಕಡೆಗೆ ಅವರ ಕಣ್ಣು ಅಷ್ಟು ಹೊತ್ತೂ ಯಾರ ಕಣ್ಣಿಗೂ ಬೀಳದೆ ಪಕ್ಕದಲ್ಲಿ ನಿಂತಿದ್ದ ಕುಲಸಚಿವರ ಮೇಲೆ ನಿಂತಿತು.

"ಇದರಲ್ಲಿ ಇವರು ಕಾಣ್ತಾರಾ?"

"ನೋಡಬಹುದು ಸಾರ್. ಆದ್ರೆ ದೀಪ..." ಎಂದರು ಮೇಡಂ.

"ಆರಿಸ್ರೀ ಎಲ್ಲಾ ದೀಪ!" ಗುಡುಗಿದರು ಕುಲಪತಿಗಳು.

ಟಿವಿಯವರೂ ಆರಿಸಿದರು. ಕಗ್ಗತ್ತಲಾಯಿತು. ಸಿದ್ಲಿಂಗಮ್ಮ ಯಂತ್ರ ಆನ್ ಮಾಡಿದಳು. ಅದರ ಹಸಿರು ಪರದೆಯ ಮೇಲೆ ಕುಲಸಚಿವರು ಸ್ಪಷ್ಟವಾಗಿ ಮೂಡಿದರು. ಈ ಮರ್ಯಾದೆ ತಮಗೇಕೆ ಸಿಕ್ಕಿತೆಂದು ಪಾಪ, ಅವರಿಗೆ ಇವತ್ತಿಗೂ ಗೊತ್ತಿಲ್ಲ.