ನೆಗ್ಗಿದ ತಂಬಿಗೆ

ಶಿಷ್ಯ ಕೇಳಿದ: "ಗುರುಗಳೇ, ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ. ಅವರಲ್ಲಿ ಒಂದು ಮಗು ಜತೆಯವರನ್ನು ಕಚ್ಚುತ್ತದೆ, ಹೊಡೆಯುತ್ತದೆ. ಇನ್ನೂ ಐದು ತುಂಬಿಲ್ಲ. ಇವತ್ತೂ ಕಚ್ಚಿತು. ಹೊರಗಿನ ಜಗಲಿಯ ಮೇಲೆ ಕೂರಿಸಿ ಬಂದಿದ್ದೇನೆ. ಸೋಮವಾರ ಮಕ್ಕಳನ್ನು ನೋಡಲು ಡಾಕ್ಟರಮ್ಮ ಬರುತ್ತಾರೆ. ನಮ್ಮ ಮಗುವನ್ನು ತೋರಿಸಬೇಡಿ ಎಂದು ಅದರ ತಂದೆ ಹೇಳಿದ್ದಾನೆ. ನನಗೂ ಹಾಗೇ ಅನ್ನಿಸುತ್ತದೆ. ಇಷ್ಟು ಸಣ್ಣ ಮಗುವಿನಲ್ಲಿ ಹುಳುಕು ಹುಡುಕುವುದು ಸರಿಯೇ? ಬೆಳೆದರೆ ತಾನೇ ಸರಿಹೋಗುವುದಿಲ್ಲವೇ?"

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಒಂದು ಕಥೆ ಹೇಳಿದರು.

ಒಬ್ಬ ನೇಕಾರನಿದ್ದ. ಮನೆಯಲ್ಲಿ ನಾಲ್ಕು ಮಗ್ಗ. ಬೆಳಗಿನಿಂದ ದೀಪ ಹಚ್ಚುವವರೆಗೆ ಲಾಳಿ ಬಡಿಯುತ್ತಲೇ ಇರುತ್ತಿತ್ತು. ಮಗ್ಗದ ಮನೆಯಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ. ಕೂಗಿದರೆ ಕೇಳುವುದಿಲ್ಲ. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ. ಊಟಕ್ಕೆ ಏಳಬೇಕಾದರೆ ಭುಜ ತಟ್ಟುವುದು. ಅಷ್ಟೇ.

ಅವನಿಗೆ ಒಬ್ಬಳೇ ಮಗಳು. ನಾಲ್ಕು ವರ್ಷ. ಬನವ್ವ ಎಂದು ಹೆಸರಿಟ್ಟಿದ್ದರು. ಓಣಿಯವರು ಮೊಂಡಿ ಎಂದು ಕರೆಯುತ್ತಿದ್ದರು. ಹೇಳಿದ್ದು ಮಾಡುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಮುಟ್ಟಿದರೆ ಬೆಚ್ಚಿ ತಿರುಗಿ ಹೊಡೆಯುತ್ತಿದ್ದಳು. ಬೇಕಾದ್ದು ಸಿಗದಿದ್ದರೆ ಕಚ್ಚುತ್ತಿದ್ದಳು. ಮಾತು ಬಂದಿರಲಿಲ್ಲ. ಮಗ್ಗದ ಮನೆಯ ಮಕ್ಕಳಿಗೆ ಮಾತು ತಡ ಎಂದು ಎಲ್ಲರೂ ಅನ್ನುತ್ತಿದ್ದರು.

ನೇಕಾರನ ತಾಯಿ ಮಗನನ್ನು ತೋರಿಸಿ ನಗುತ್ತಿದ್ದಳು. "ಇಂವಾ ಏನ ಕಮ್ಮಿ ಇದ್ನೇನು? ಓಣ್ಯಾಗಿನ ನಾಕು ಮಂದಿ ತಲಿ ಒಡದಿದ್ದ. ಈಗ ನೋಡ್ರಿ, ಗಾಣದ ಎತ್ತು ಆಗ್ಯಾನ."

ಅಮಾವಾಸ್ಯೆಯ ದಿನ ಮಗ್ಗ ಹೂಡುವುದಿಲ್ಲ. ಅವತ್ತೊಂದು ದಿನ ಮನೆ ಸುಮ್ಮನಿರುತ್ತದೆ. ಅಂಥ ಒಂದು ದಿನ ಅವನ ಹೆಂಡತಿಯ ಕೈಯಿಂದ ಹಿತ್ತಾಳೆ ತಂಬಿಗೆ ಜಾರಿ ಕಲ್ಲಿನ ಮೇಲೆ ಬಿತ್ತು. ಒಲೆಯ ಹತ್ತಿರದ ಬೆಕ್ಕು ಹಾರಿ ಓಡಿತು. ಅತ್ತೆ ಬೈದಳು. ಮಗು ಅತ್ತ ಮುಖ ಮಾಡಿ ದಾರ ಆಡಿಸುತ್ತ ಕೂತಿತ್ತು. ತಿರುಗಲಿಲ್ಲ.

ಹೆಂಡತಿ ತಂಬಿಗೆ ಎತ್ತಿಕೊಂಡಳು. ಮತ್ತೆ ಬೀಳಿಸಿದಳು. ಮಗು ತಿರುಗಲಿಲ್ಲ.

ಗಂಡನಿಗೆ ಹೇಳಿದಳು. "ಮಗೀನ ಪ್ಯಾಟಿಗೆ ಒಯ್ದು ತೋರಸೂಣು."

"ಈ ಸೀರಿ ಮಗ್ಗದಿಂದ ಇಳೀಲಿ ತಡಿ."

"ಹಾಸಿನ್ಯಾಗ ಎಳಿ ಹರದ್ರ ಸೀರಿ ಇಳೀಲಿ ಅಂತೀರೇನು? ಮಗ್ಗಾ ನಿಂದರಿಸಿ ಗಂಟು ಹಾಕ್ತೀರಿ."

"ಎಳಿ ಬ್ಯಾರೆ, ಮಗಳು ಬ್ಯಾರೆ. ಈಗ ತೋರಿಸಿದ್ರ ಹುಡುಗಿಗೆ ಕೆಟ್ಟ ಹೆಸರು ಕುಂದರತದ. ನಾಳೆ ಯಾರು ಲಗ್ನಾ ಮಾಡ್ಕೋತಾರ?"

"ಹೆಸರು ಆಗಲೇ ಕುಂತದ," ಎಂದಳು ಅವಳು. "ಮೊಂಡಿ ಅಂತ."

ಅವನು ಸಿಟ್ಟಾಗಲಿಲ್ಲ. ಕೆಟ್ಟವನಲ್ಲ. ಹೆದರಿದ್ದ. ಆ ಸೀರೆ ಇಳಿಯಿತು. ಇನ್ನೊಂದಕ್ಕೆ ಹಾಸಿನ ನೂಲು ಹೂಡಿದ. ಹೆಂಡತಿಗೆ ಪೇಟೆಯ ದಾರಿ ಗೊತ್ತಿರಲಿಲ್ಲ. ಅವಳು ಅಮಾವಾಸ್ಯೆಗೊಮ್ಮೆ ಮಗುವಿನ ಹಿಂದೆ ನಿಂತು ತಂಬಿಗೆ ಬೀಳಿಸುತ್ತಿದ್ದಳು. ಆಮೇಲೆ ಗಂಡನ ಮುಖ ನೋಡುತ್ತಿದ್ದಳು. ಮುಂದಿನ ತಿಂಗಳು ಅನ್ನುತ್ತಿದ್ದ.

ಮೂರು ವರ್ಷ ಹೀಗೇ ಹೋಯಿತು. ಒಂದು ಮಳೆಗಾಲದಲ್ಲಿ ಹೆಂಡತಿಗೆ ಜ್ವರ ಬಂತು. ಆರು ದಿನ ಮಲಗಿದಳು. ಏಳನೆಯ ದಿನ ಇರಲಿಲ್ಲ.

ಸೂತಕದಲ್ಲಿ ಮಗ್ಗ ನಿಂತವು. ಒಂದೇ ಸಮನೆ ಅಷ್ಟು ದಿನ ಆ ಮನೆ ಸದ್ದಿಲ್ಲದೆ ಇದ್ದದ್ದೇ ಇಲ್ಲ. ಮೂರನೆಯ ದಿನ ಅವನು ಮಗಳನ್ನು ಊಟಕ್ಕೆ ಕರೆದ. ಬೆನ್ನು ಮಾಡಿ ಕೂತಿದ್ದಳು. ಮತ್ತೆ ಕರೆದ. ಎದ್ದು ಅಡುಗೆಮನೆಗೆ ಹೋದ. ಗೋಡೆಯ ಗೂಡಿನಲ್ಲಿ ತಂಬಿಗೆ ಇತ್ತು. ಮೈಯೆಲ್ಲ ನೆಗ್ಗಿತ್ತು. ಒಂದೊಂದು ನೆಗ್ಗು ಒಂದೊಂದು ಅಮಾವಾಸ್ಯೆ. ಅವನು ಎಣಿಸಲಿಲ್ಲ. ತಂದು ಮಗಳ ಹಿಂದೆ ಬೀಳಿಸಿದ.

ಅವಳು ತಿರುಗಲಿಲ್ಲ.

ಸೂತಕ ಕಳೆಯುವವರೆಗೆ ಮನೆ ಬಿಡಬಾರದು ಎಂದು ಅವನ ತಾಯಿ ಅಂದಳು. ಅವನು ಮರುದಿನ ಬೆಳಿಗ್ಗೆಯೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟ. ಪೇಟೆಯ ಡಾಕ್ಟರು ನೋಡಿದರು. ಕಿವಿ ಬಹಳ ಮಂದ ಇದೆ, ಪೂರ್ತಿ ಹೋಗಿಲ್ಲ ಎಂದರು. ಮೊಂಡಿ ಅಲ್ಲ, ಹೇಳಲಿಕ್ಕೆ ಬೇರೆ ದಾರಿ ಇಲ್ಲದೆ ಕಚ್ಚುತ್ತಾಳೆ ಎಂದರು.

"ಮಾತು ಬರತದೇನ್ರಿ?" ಅವನು ಕೇಳಿದ.

"ಬರ್ತದೆ. ನಿಧಾನ ಬರ್ತದೆ. ನಾಲ್ಕು ವರ್ಷದವಳಿದ್ದಾಗ ತಂದಿದ್ರೆ ಇಷ್ಟು ಕಷ್ಟ ಇರ್ತಿರಲಿಲ್ಲ."

ಕೆಲವು ದಿನ ಬಿಟ್ಟು ಕಿವಿಗೆ ಮಷಿನ್ ಹಾಕಿದರು. ಅವನು ಮಗಳ ಹಿಂದೆ ನಿಂತು, ಬನವ್ವಾ ಎಂದ. ಅವಳು ತಿರುಗಿದಳು. ಅದು ತನ್ನ ಹೆಸರು ಎಂದು ಅವಳಿಗೆ ಗೊತ್ತಿರಲಿಲ್ಲ. ಏಳು ವರ್ಷವಾಗಿತ್ತು. ದಾರಿಯುದ್ದಕ್ಕೂ ಅವನು ಅದೇ ಒಂದು ಹೆಸರು ಹೇಳುತ್ತ ಬಂದ. ವರ್ಷ ತುಂಬುವುದರೊಳಗೆ ಕಚ್ಚುವುದು ಬಿಟ್ಟಳು. ಅಪ್ಪಾ ಅನ್ನುವುದು ಕಲಿತಳು. ನೀರು ಅನ್ನುವುದು ಕಲಿತಳು. ತಾಯಿಯ ದನಿ ಹೇಗಿತ್ತು ಎಂದು ಮಾತ್ರ ಅವಳಿಗೆ ಯಾರಿಂದಲೂ ಕಲಿಸಲಾಗಲಿಲ್ಲ.

ಗುರುಗಳು ನಿಲ್ಲಿಸಿದರು.

ಶಿಷ್ಯ ಯೋಚಿಸಿದ. "ಆದರೆ ಗುರುಗಳೇ, ಕಚ್ಚುವ ಮಕ್ಕಳಿಗೆಲ್ಲ ಕಿವಿ ಮಂದ ಇರುವುದಿಲ್ಲವಲ್ಲ?"

"ಇರುವುದಿಲ್ಲ. ಒಂದಕ್ಕೆ ಕಿವಿ. ಒಂದಕ್ಕೆ ಮನೆಯ ಹೆದರಿಕೆ. ಒಂದಕ್ಕೆ ಏನೂ ಇಲ್ಲ, ಬರೀ ತುಂಟತನ. ಯಾವುದು ಎಂದು ಜಗಲಿ ಹೇಳುವುದಿಲ್ಲ. ನೋಡಿದವರು ಹೇಳುತ್ತಾರೆ."

"ಹಾಗಾದರೆ ಸೋಮವಾರ ತೋರಿಸುತ್ತೇನೆ. ಅದರ ತಂದೆಗೂ ತಿಳಿಸಿ ಹೇಳುತ್ತೇನೆ," ಎಂದು ಶಿಷ್ಯ ಕೈಮುಗಿದ. ಹಗುರಾದವನಂತೆ ಅಲ್ಲೇ ಕೂತ.

ಗುರುಗಳು ಬಾಗಿಲ ಕಡೆ ನೋಡಿದರು.

"ನಾವು ಇಷ್ಟು ಹೊತ್ತು ಮಾತಾಡಿದೆವಲ್ಲ, ಆ ಮಗು ಇನ್ನೂ ಜಗಲಿಯ ಮೇಲೇ ಕೂತಿದೆಯೇ?"